ರಾಜ, ದೈವ, ತಸ್ಕರ ಮತ್ತು ಸೋದರಮಾವ: ಭಾತಂಬ್ರಾ ಕ್ಯಾಮೆರಾ ವಿಮಾ ಮೀಮಾಂಸೆ

ಪೀಠಿಕೆ

ವಿಮೆಯ ಮೂಲ ಲಂಡನ್ನಿನ ಲಾಯ್ಡ್ ಕಾಫಿ ಅಂಗಡಿಯಲ್ಲಿದೆ ಎಂಬುದು ಪಠ್ಯಪುಸ್ತಕಗಳ ಮತ. ಭಾಲ್ಕಿ ತಾಲ್ಲೂಕಿನ ಭಾತಂಬ್ರಾವನ್ನು ಭೂಮಧ್ಯವೆಂದು ಹಿಡಿದು ಸಾಗುವ ಪ್ರಸ್ತುತ ಪ್ರಬಂಧಕ್ಕೆ ಇದು ಸಮ್ಮತವಲ್ಲ. ಎಡ್ವರ್ಡ್ ಲಾಯ್ಡ್ ಕಾಫಿಗೆ ನೀರಿಡುವುದಕ್ಕೆ ಐದುನೂರು ವರ್ಷಕ್ಕೂ ಮೊದಲೇ, ಇದೇ ಬೀದರ ಜಿಲ್ಲೆಯ ಕಲ್ಯಾಣದ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದು ಮುಗಿಸಿದ್ದ.

ಆ ಗ್ರಂಥದ ಆಸ್ತಿ ಪಾಲಿನ ಭಾಗವನ್ನು ಬ್ರಿಟಿಷ್ ನ್ಯಾಯಾಲಯಗಳು ಎತ್ತಿಕೊಂಡವು. ಅಣ್ಣತಮ್ಮಂದಿರು ಇಂದಿಗೂ ಅದರ ಋಣದಲ್ಲಿ ಬಡಿದಾಡುತ್ತಿದ್ದಾರೆ. ಇಟ್ಟ ಒಡವೆ ಹಾಗೂ ಎರವು ತಂದ ವಸ್ತುವಿನ ಪ್ರಕರಣ ಮಾತ್ರ ಅನಾಥವಾಯಿತು. ಅದರ ಸಾರ ಇಷ್ಟು: ರಾಜ, ದೈವ, ಕಳ್ಳ ಈ ಮೂವರಿಂದ ವಸ್ತು ಹೋದರೆ ಇಟ್ಟುಕೊಂಡವ ತುಂಬಿಕೊಡಬೇಕಿಲ್ಲ. ಆದರೆ ಒಡೆಯ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡು ಹಾಳಾದರೆ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಬಾಡಿಗೆಗೆ ತಂದ 70-200 ಲೆನ್ಸನ್ನು ಸೋಮವಾರ ಕೊಡುತ್ತೇನೆಂದು ಹೇಳಿ ಗುರುವಾರದವರೆಗೂ ಫೋನ್ ಎತ್ತದ ಫೋಟೊಗ್ರಾಫರನನ್ನು ಕಣ್ಣೆದುರು ಇಟ್ಟುಕೊಂಡೇ ಈ ನಿಯಮ ಬರೆದಂತಿದೆ. ಇಂದಿನ ಬಾಡಿಗೆ ಕರಾರುಗಳು ರಾಜನನ್ನೂ ದೈವವನ್ನೂ ಲೆಕ್ಕಕ್ಕಿಡದೆ ಎಲ್ಲ ಹೊಣೆಯನ್ನೂ ತಂದವನ ಮೇಲೇ ಹೇರುತ್ತವೆ. ಹಾಗಾಗಿ ಸ್ವಂತ ಸಾಮಾನಿನ ಜೊತೆಗೆ ಬಾಡಿಗೆ ಸಾಮಾನೂ ಪಾಲಿಸಿಯಲ್ಲಿ ನಮೂದಾಗಿದೆಯೇ ಎಂದು ಕೇಳುವುದು ವಿಮಾ ವೇದಾಂತದ ಮೊದಲ ಸೂತ್ರ.

ಪೂರ್ವಪಕ್ಷ

ವಿಮೆಯೇ ಬೇಡವೆನ್ನುವ ದರ್ಶನವೊಂದು ಔರಾದದಿಂದ ಭಾಲ್ಕಿಯವರೆಗೆ ಪ್ರಬಲವಾಗಿದೆ. ಅದರ ಏಕೈಕ ಸೂತ್ರ: “ಏನ್ ಆಗ್ತದ್ ತಗೋರಿ.” ಇದನ್ನು ಖಂಡಿಸಲು ಪ್ಯಾರಿಸ್ಸಿನವರೆಗೆ ಹೋಗಬೇಕು. 1839ರ ಜನವರಿಯಲ್ಲಿ ಲೂಯಿ ಡಾಗೇರ್‌ನ ಛಾಯಾಚಿತ್ರ ವಿಧಾನ ಲೋಕಕ್ಕೆ ಪ್ರಕಟವಾಯಿತು. ಮಾರ್ಚ್ 8ರಂದು ಅವನ ಡಯೊರಾಮಾ ಕಟ್ಟಡಕ್ಕೆ ಬೆಂಕಿ ಬಿತ್ತು. ಅಂದರೆ ಛಾಯಾಗ್ರಹಣ ಹುಟ್ಟಿ ಮೂರು ತಿಂಗಳಾಗುವುದರೊಳಗೆ ಅದರ ಜನಕನೇ ಹಾನಿಗೀಡಾಗಿದ್ದ. ಪೂರ್ವಪಕ್ಷ ಇಲ್ಲಿಗೆ ಮುಗಿಯಿತು.

ದೈವ ಪ್ರಕರಣ

ದೈವದ ವಿಚಾರದಲ್ಲಿ ಬೀದರಿನಷ್ಟು ಸಾಕ್ಷ್ಯ ಒದಗಿಸುವ ಊರು ಅಪರೂಪ. ಅಷ್ಟೂರಿನ ಬಹಮನಿ ಗೋರಿಗಳ ಸಾಲಿನಲ್ಲಿ ಹುಮಾಯೂನ್ ಷಾನ ಗುಮ್ಮಟ ಸಿಡಿಲು ಬಡಿದು ಅರ್ಧ ಸೀಳಿಕೊಂಡು ನಿಂತಿದೆ. ಪ್ರಿ-ವೆಡ್ಡಿಂಗ್ ಜೋಡಿಗಳು ಅದರ ಮುಂದೆ ಕೈಕೈ ಹಿಡಿದು ನಿಲ್ಲುತ್ತವೆ. ಹಿನ್ನೆಲೆಯಲ್ಲಿ ಇರುವುದು ಒಂದು ಕ್ಲೇಮು ಎಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನೂ ಗಹನವಾದದ್ದು 1472ರಲ್ಲಿ ಕಟ್ಟಿದ, ಬಹಮನಿ ವಜೀರ ಮಹಮೂದ್ ಗವಾನನ ಮದರಸಾ. ಔರಂಗಜೇಬನ ಕಾಲದಲ್ಲಿ ಅಲ್ಲಿ ಸೈನಿಕರು ಬಿಡಾರ ಹೂಡಿದರು, ಮದ್ದಿನ ಪುಡಿ ಪೇರಿಸಿಟ್ಟರು. ಹದಿನೇಳನೆಯ ಶತಮಾನದ ಕೊನೆಗೆ ಸ್ಫೋಟವಾಗಿ ಕಟ್ಟಡದ ದೊಡ್ಡ ಭಾಗ ಹಾರಿಹೋಯಿತು. ಸಿಡಿಲು ಬಿತ್ತೆಂದು ಕೆಲವರು, ಮದ್ದೇ ಸಿಡಿಯಿತೆಂದು ಕೆಲವರು. ಇತಿಹಾಸಕಾರರಿಗೆ ಇದು ವಿವಾದ. ವಿಮಾ ಸರ್ವೇಯರನಿಗೆ ಇದು ನಿತ್ಯದ ಕಸುಬು: ಹಾನಿಯ ಸಮೀಪ ಕಾರಣ ಯಾವುದು? ಅದಕ್ಕಿಂತ ದೊಡ್ಡ ಪ್ರಶ್ನೆ, ಪಾಠಶಾಲೆಯೆಂದು ನಮೂದಾದ ಜಾಗವನ್ನು ಮದ್ದಿನ ಕೋಠಿಯಾಗಿಸಿದ್ದನ್ನು ಕಂಪನಿಗೆ ತಿಳಿಸಿದಿರಾ? ಜಾಗದ ಬಳಕೆ ಬದಲಾಗಿ ಅಪಾಯ ಹೆಚ್ಚಿದರೆ ಬೆಂಕಿ ವಿಮೆಯ ರಕ್ಷಣೆ ತಪ್ಪುತ್ತದೆ. ದೀಪಾವಳಿಗೆ ಸ್ಟುಡಿಯೊದ ಹಿಂಗೋಣೆಯಲ್ಲಿ ಪಟಾಕಿ ಸ್ಟಾಕ್ ಇಟ್ಟುಕೊಳ್ಳುವವರು ಗವಾನ್ ಚೌಕದ ಕಡೆ ಒಮ್ಮೆ ಹೋಗಿ ಬರಬೇಕು.

ದೈವದ ಸಣ್ಣಪುಟ್ಟ ಲೀಲೆಗಳೂ ಉಂಟು. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುತ್ತಾರೆ. ಕ್ಯಾಮೆರಾ ತಲೆಯ ಮೇಲೆ ಹೊತ್ತು ಇಳಿದವನಿಗೆ ಕಂಪನಿ ಕೇಳುವುದು, ತಕ್ಕ ಎಚ್ಚರ ವಹಿಸಿದ್ದೆಯಾ ಎಂದು. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ತೂರುವ ಭಂಡಾರ ಜೂಮ್ ಲೆನ್ಸಿನ ಒಳಹೊಕ್ಕರೆ ಅದು ಪ್ರಸಾದವೋ ಅಪಘಾತವೋ ಎಂಬುದು ಪಾಲಿಸಿಯ ಪದಗಳನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಗಾಜಿನೊಳಗೆ ಬೆಳೆವ ಫಂಗಸ್ಸಿಗೆ ಮಾತ್ರ ಚರ್ಚೆಯೇ ಇಲ್ಲ: ನಿಧಾನವಾಗಿ ಆಗುವ ಸವಕಲು, ತುಕ್ಕು, ಬೂಷ್ಟು ವಿಮೆಯ ಆಚೆಯವು. ಅವಕ್ಕೆ ಸಿಲಿಕಾ ಜೆಲ್ಲೇ ದೇವರು.

ತಸ್ಕರ ಪ್ರಕರಣ

ಕಳ್ಳರಲ್ಲಿ ಎರಡು ಜಾತಿ: ಬೀಗ ಮುರಿಯುವವರು, ಮುರಿಯದವರು. ಬರ್ಗ್ಲರಿ ಪಾಲಿಸಿ ಮೊದಲನೆಯವರನ್ನು ಮಾತ್ರ ಗೌರವಿಸುತ್ತದೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಿನ 2004ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಾಲಿಸಿಯ ವ್ಯಾಖ್ಯೆಯಂತೆ ಕಳವಿಗೆ ಮೊದಲು ಬಲಪ್ರಯೋಗ ನಡೆದಿರಲೇಬೇಕು ಎಂದಿತು. ತೆರೆದ ಬಾಗಿಲಲ್ಲಿ ನಮಸ್ಕಾರ ಹೇಳಿ ಬಂದು ಬ್ಯಾಗ್ ಎತ್ತಿಕೊಂಡು ಹೋಗುವ ಸಂಭಾವಿತ ಕಳ್ಳನಿಗೆ ಅಲ್ಲಿ ಸ್ಥಾನವಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಯಾರ ಕಾವಲೂ ಇಲ್ಲದೆ ಬಿಟ್ಟ ಬ್ಯಾಗು, ಎಲ್ಲಿ ಹೋಯಿತೆಂದೇ ತಿಳಿಯದ ಫ್ಲಾಷು, ಇವೂ ಹಲವು ಪಾಲಿಸಿಗಳಲ್ಲಿ ಹೊರಗುಳಿಯುತ್ತವೆ.

ಗಡಿಯ ತೊಡಕು ಬೇರೆ. ಭಾತಂಬ್ರಾದ ಫೋಟೊಗ್ರಾಫರನ ಮುಹೂರ್ತಗಳು ಮಹಾರಾಷ್ಟ್ರದ ಉದಗೀರ, ದೇಗಲೂರುಗಳಲ್ಲೂ ಇರುತ್ತವೆ. ಪಾಲಿಸಿ ಅಂಗಡಿಯ ನಾಲ್ಕು ಗೋಡೆಗೆ ಮಾತ್ರವೋ, ಇಡೀ ಭಾರತಕ್ಕೋ ಎಂಬುದನ್ನು ಮದುವೆ ಸೀಸನ್ನಿಗೆ ಮೊದಲೇ ಓದಬೇಕು. ಕಳವಾದದ್ದು ಉದಗೀರದಲ್ಲಾದರೂ ದೂರನ್ನು ಭಾಲ್ಕಿಯಲ್ಲೇ ಕೊಡಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ನೀಡುತ್ತದೆ. ಆಮೇಲೆ ಮಾಲು ಪತ್ತೆಯಾಗಲಿಲ್ಲ ಎಂಬ ‘ಸಿ’ ರಿಪೋರ್ಟಿಗಾಗಿ ಕಾಯುವುದು ತಪಸ್ಸಿನ ವಿಷಯ. ಅದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ರಾಜ ಪ್ರಕರಣ

ದೈವಕ್ಕೂ ಕಳ್ಳನಿಗೂ ಹಣ ಕೊಡುವ ಕಂಪನಿ ರಾಜನಿಗೆ ಕೊಡುವುದಿಲ್ಲ. ಸರ್ಕಾರ ಜಪ್ತಿ ಮಾಡಿದ್ದಕ್ಕೆ ಪರಿಹಾರವಿಲ್ಲ. ಬೀದರಿನಲ್ಲಿ ಇದು ತಮಾಷೆಯ ಮಾತಲ್ಲ: ವಾಯುಪಡೆಯ ನೆಲೆ ಇಲ್ಲಿದೆ, ಸೂರ್ಯಕಿರಣ ತಂಡದ ವಿಮಾನಗಳು ಏರುವುದು ಇಲ್ಲಿಂದಲೇ. ಮದುಮಗನ ಮೆರವಣಿಗೆಯನ್ನು ಮೇಲಿನಿಂದ ಹಿಡಿಯಲು ಹೊರಟ ಡ್ರೋನು ಕೆಂಪು ವಲಯಕ್ಕೆ ನುಗ್ಗಿದರೆ ರಾಜನೂ ದೈವವೂ ಒಟ್ಟಿಗೇ ಎದುರಾಗುತ್ತಾರೆ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರಿದ ಡ್ರೋನಿಗೆ ಮೂರನೆಯವರ ಹಾನಿಗೆ ವಿಮೆ ಕಡ್ಡಾಯ. ಆ ವಿಮೆ ಡ್ರೋನು ಬಿದ್ದು ಒಡೆದ ತಲೆಗೆ ಸಂಬಂಧಿಸಿದ್ದು, ಬಿದ್ದ ಡ್ರೋನಿಗಲ್ಲ.

ಸೋದರಮಾವ ಪ್ರಕರಣ

ವಿಜ್ಞಾನೇಶ್ವರನ ಕಣ್ಣುತಪ್ಪಿದ ನಾಲ್ಕನೆಯ ಶಕ್ತಿಯ ಶೋಧವೇ ಈ ಪ್ರಬಂಧದ ಕೊಡುಗೆ. ತಾಳಿ ಕಟ್ಟುವ ಕ್ಷಣದಲ್ಲಿ ಫ್ರೇಮಿನೊಳಗೆ ನುಗ್ಗುವ ಸೋದರಮಾವನ ಮೊಣಕೈ, ಟ್ರೈಪಾಡಿನ ಕಾಲನ್ನು ಕಂಬವೆಂದು ಸುತ್ತುವ ಮಗು, ಲೈಟ್ ಸ್ಟ್ಯಾಂಡಿಗೆ ಸಿಕ್ಕ ಸೆರಗು: ಇವರು ರಾಜರಲ್ಲ, ದೈವವಲ್ಲ, ಕಳ್ಳರಂತೂ ಅಲ್ಲ. ಊಟ ಹಾಕಿಸುವವರು.

ಪಾಲಿಸಿ ಆಯ್ಕೆಯ ಗುಟ್ಟು ಇಲ್ಲಿದೆ. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಬೆಂಕಿ, ಸಿಡಿಲು, ಪ್ರವಾಹಗಳಿಂದ ರಕ್ಷಣೆ ಕೊಡುತ್ತದೆ. ಸ್ಟುಡಿಯೊದ ಗೋಡೆ, ಪ್ರಿಂಟರ್, ಕಂಪ್ಯೂಟರಿಗೆ ಅದು ಸರಿ. ಕಲ್ಯಾಣ ಮಂಟಪದಲ್ಲಿ ಕೆಳಗೆ ಬಿದ್ದ ಲೆನ್ಸಿಗೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಎಲೆಕ್ಟ್ರಾನಿಕ್ ಉಪಕರಣ ವಿಮೆಯಲ್ಲಿ ಕೂತಲ್ಲೇ ಸುಟ್ಟ ಸರ್ಕ್ಯೂಟಿಗೂ ಜಾಗವಿದೆ, ಆದರೆ ಹೊರಗೆ ಒಯ್ಯುವುದಕ್ಕೆ ಸಾಮಾನ್ಯವಾಗಿ ಬೇರೆ ಷರಾ ಬರೆಸಬೇಕು. ಸೋದರಮಾವನನ್ನು ನೇರವಾಗಿ ಎದುರಿಸುವುದು ‘ಆಲ್ ರಿಸ್ಕ್’ ಪಾಲಿಸಿ. ಹೆಸರು ಕೇಳಿ ಮೋಸಹೋಗಬಾರದು: ಹೊರಗಿಟ್ಟ ಪಟ್ಟಿ ಅದರಲ್ಲೂ ಇದೆ, ತನ್ನಷ್ಟಕ್ಕೆ ಕೆಟ್ಟ ಶಟರ್ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತದೆ.

ಇನ್ನು ಜಾಣತನದ ಗಣಿತ. 4 ಲಕ್ಷದ ಸಾಮಾನಿಗೆ 2 ಲಕ್ಷದ ವಿಮೆ ಮಾಡಿಸಿ ಅರ್ಧ ಪ್ರೀಮಿಯಂ ಉಳಿಸಿದವನ 60,000 ರೂಪಾಯಿಯ ಲೆನ್ಸ್ ಒಡೆದರೆ, ಸರಾಸರಿ ಷರತ್ತಿನಂತೆ ಸಿಗುವುದು 30,000. ಅದರಲ್ಲೂ ಸವಕಳಿ, ಸ್ವಂತ ಪಾಲು ಕಡಿತ. ಹಳೆಯದಕ್ಕೆ ಹೊಸತರ ಬೆಲೆ ಬೇಕಿದ್ದರೆ ಪಾಲಿಸಿಯಲ್ಲಿ ಹಾಗೆಂದೇ ಬರೆದಿರಬೇಕು. ಉದ್ರಿ ನಡೆಯುವುದಿಲ್ಲ: 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಟ್ಟುವ ಮುನ್ನ ಕಂಪನಿ ಯಾವ ಹೊಣೆಯನ್ನೂ ಹೊರುವಂತಿಲ್ಲ.

ಸಿದ್ಧಾಂತ

ಪ್ರಪೋಸಲ್ ಫಾರಂ ತುಂಬುವ ವಿಧಾನಕ್ಕೆ ಮತ್ತೆ ಗವಾನನೇ ಪ್ರಮಾಣ. ಇತಿಹಾಸಕಾರ ಫರಿಷ್ತಾ ದಾಖಲಿಸಿದ ಕಥೆಯಂತೆ, ವೈರಿಗಳು ಮೊಹರಿನ ಕಾವಲುಗಾರನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಗವಾನನ ಮೊಹರು ಒತ್ತಿಸಿಕೊಂಡರು. ಒರಿಸ್ಸಾದ ಅರಸನಿಗೆ ಬರೆದ ದ್ರೋಹದ ಪತ್ರವನ್ನು ಆಮೇಲೆ ತುಂಬಿದರು. 1481ರಲ್ಲಿ ಗವಾನನ ತಲೆ ಹೋಯಿತು. ಖಾಲಿ ಫಾರಮಿಗೆ ಸಹಿ ಹಾಕಿ “ಉಳಿದದ್ದು ನೀವೇ ಬರ್ಕೊಳ್ರಿ” ಎಂದು ಏಜೆಂಟರಿಗೆ ಕೊಡುವವರ ತಲೆ ಹೋಗುವುದಿಲ್ಲ, ಕ್ಲೇಮು ಹೋಗುತ್ತದೆ. ಪ್ರತಿ ಬಾಡಿ, ಪ್ರತಿ ಲೆನ್ಸಿನ ಸೀರಿಯಲ್ ನಂಬರ್, ಬಿಲ್ಲು, ಮದುವೆ ಬಾಡಿಗೆಗೆ ಬಳಸುವ ಸಂಗತಿ, ಎಲ್ಲವೂ ಸ್ವಂತ ಕೈಯಲ್ಲಿ ಬರೆದಿರಬೇಕು.

ಕೊನೆಯ ತೊಡಕು ಮೆಮೊರಿ ಕಾರ್ಡಿನದು. ಅದು ಕಳೆದರೆ ಪಾಲಿಸಿ ಕಾರ್ಡಿನ ಬೆಲೆ ಕೊಟ್ಟೀತು. ಮುಹೂರ್ತವನ್ನು ಪುನರ್‌ಸ್ಥಾಪಿಸುವ ಷರತ್ತು ಯಾವ ಕಂಪನಿಯಲ್ಲೂ ಇಲ್ಲ, ಬೀಗರು ಎರಡನೆಯ ಸಲ ತಾಳಿ ಕಟ್ಟಿಸಲು ಒಪ್ಪುವುದೂ ಇಲ್ಲ. ಅವರು ಗ್ರಾಹಕ ಆಯೋಗಕ್ಕೆ ಹೋದರೆ ನೆರವಿಗೆ ಬರಬಹುದಾದದ್ದು ವೃತ್ತಿ ಹೊಣೆಗಾರಿಕೆ ವಿಮೆ, ಕ್ಯಾಮೆರಾ ವಿಮೆಯಲ್ಲ. ಇನ್ನೊಂದು ಉಪಾಯವೂ ಇದೆ: ಎರಡು ಸ್ಲಾಟಿನ ಕ್ಯಾಮೆರಾದಲ್ಲಿ ಎರಡೂ ಕಾರ್ಡಿಗೆ ಒಟ್ಟಿಗೆ ಬರೆಸಿ, ಒಂದನ್ನು ಬೇರೆ ಗಾಡಿಯಲ್ಲಿ ಭಾಲ್ಕಿಗೆ ಕಳಿಸುವುದು. ಹಾಗೆ ಕಳಿಸುವುದಕ್ಕೆ ಪ್ರೀಮಿಯಂ ಇಲ್ಲ, ಪ್ರೀಮಿಯಂ ಮೇಲಿನ ಶೇ 18 ಜಿಎಸ್‌ಟಿಯೂ ಇಲ್ಲ.