ಮಗು ಕುಳ್ಳಗಿದ್ದರೆ ಅಳತೆಪಟ್ಟಿ ಕತ್ತರಿಸಿ

ಮಕ್ಕಳು ಕುಳ್ಳಗಿಲ್ಲ, ಅಳತೆಪಟ್ಟಿಯೇ ಉದ್ದವಾಯಿತು ಎಂಬ ಸಂಶೋಧನೆ ನಮ್ಮ ದೇಶದಲ್ಲಿ ಆಗಾಗ ನಡೆಯುತ್ತದೆ. 2013ರಲ್ಲಿ ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ ಇದನ್ನು ಪಾಂಡಿತ್ಯದಿಂದಲೇ ಮಂಡಿಸಿದರು: ಜಗತ್ತಿಗೆಲ್ಲ ಒಂದೇ ಮಾನದಂಡ ಸಲ್ಲದು, ನಮ್ಮವರ ಎತ್ತರದಲ್ಲಿ ವಂಶವಾಹಿಯ ಕೈವಾಡವೂ ಇದೆ. ಎಂಥ ನೆಮ್ಮದಿ! ಬೇಳೆಗೆ ದುಡ್ಡು ಹೊಂದಿಸುವ ತಾಪತ್ರಯವಿಲ್ಲ, ತಪ್ಪೆಲ್ಲ ಮುತ್ತಜ್ಜನದು.

ಒಂದೇ ತಕರಾರು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಆ ಮಾನದಂಡ ಹೊರಡಿಸುವ ಮುಂಚೆ ಆರು ದೇಶಗಳ ಮಕ್ಕಳನ್ನು ಅಳೆದಿತ್ತು. ದಕ್ಷಿಣ ದೆಹಲಿಯ ಅನುಕೂಲಸ್ಥರ ಮಕ್ಕಳೂ ಅದರಲ್ಲಿದ್ದರು. ಹೆಚ್ಚುಕಡಿಮೆ ನಾರ್ವೆಯ ಮಕ್ಕಳಷ್ಟೇ ಬೆಳೆದಿದ್ದರು. ಅಂದರೆ ನಮ್ಮ ವಂಶವಾಹಿಗೆ ಪಿನ್‌ಕೋಡ್ ಓದಲು ಬರುತ್ತದೆ. ದಕ್ಷಿಣ ದೆಹಲಿಯಲ್ಲಿ ಚಿಗುರುತ್ತದೆ, ಯಾದಗಿರಿಯಲ್ಲಿ ಮುದುಡುತ್ತದೆ.

ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ. 36.2, ಐದನೆಯದರಲ್ಲಿ ಶೇ. 35.4. ಈ ವೇಗದಲ್ಲಿ ನಡೆದರೆ ಸಮಸ್ಯೆ ಮುಗಿಯಲು ಇನ್ನು ಇನ್ನೂರು ವರ್ಷದ ಆಸುಪಾಸು ಸಾಕು. ಅವಸರವೇನಿದೆ?

ಹಾಗಂತ ಸರ್ಕಾರ ಸುಮ್ಮನೆ ಕೂತಿಲ್ಲ. ಅಂಗನವಾಡಿ ಟೀಚರ್ ಕೈಗೆ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಕೊಟ್ಟಿದೆ. 2025ರ ಜುಲೈನಿಂದ ಮನೆಗೊಯ್ಯುವ ಆಹಾರಕ್ಕೆ ಮುಖಚಹರೆಯ ಗುರುತು ಕಡ್ಡಾಯ. ಕೂಲಿ ಬಿಟ್ಟು ಬಂದ ತಾಯಿ ಫೋನಿನ ಮುಂದೆ ನಿಂತು ಕಣ್ಣು ಮಿಟುಕಿಸಬೇಕು. ನೆಟ್‌ವರ್ಕ್ ಹೋಯಿತೋ, ಮತ್ತೊಮ್ಮೆ ಮಿಟುಕಿಸಬೇಕು. ಕಂಕುಳಲ್ಲಿರುವ ಕೂಸಿನ ಹಸಿವು ಟೀಚರಿಗೂ ಕಾಣುತ್ತದೆ, ಆಯಾಗೂ ಕಾಣುತ್ತದೆ. ಸರ್ವರಿಗೆ ಕಾಣಬೇಕಲ್ಲ!

ಇನ್ನು ಮೊಟ್ಟೆಯ ಕಥೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಬೇಯಿಸಿದ ಮೊಟ್ಟೆ ಬಂತು. ಒಲ್ಲದವರಿಗೆ ಬಾಳೆಹಣ್ಣೂ ಇತ್ತು. ಆದರೂ ಕೆಲವು ಮಠಾಧೀಶರು ಕೆರಳಿದರು. ಅವರ ಮಡಿ ಕೆಟ್ಟಿದ್ದು ತಮ್ಮ ಎಲೆಗೆ ಬಡಿಸಿದ್ದಕ್ಕಲ್ಲ, ಬಡವರ ಮಕ್ಕಳ ತಟ್ಟೆಗೆ ಬಡಿಸಿದ್ದಕ್ಕೆ. ರಾಜಕಾರಣಿಗಳು ಎಂದಿನಂತೆ ಎರಡೂ ಕಡೆಗೆ ಕೈಮುಗಿದರು.

ಮೊಟ್ಟೆ ಕೊಟ್ಟಿದ್ದು ಒಳ್ಳೆಯದೇ. ಶಾಲೆಯ ಮಕ್ಕಳಿಗೂ ಹಸಿವಿದೆ. ಆದರೆ ಎತ್ತರಕ್ಕೆ ಕತ್ತರಿ ಬೀಳುವುದು ಹೆಚ್ಚಾಗಿ ತಾಯಿಯ ಬಸುರಿನಿಂದ ಮಗುವಿನ ಎರಡನೇ ಹುಟ್ಟುಹಬ್ಬದೊಳಗೆ. ರಕ್ತಹೀನತೆಯ ಬಸುರಿ, ಬರೀ ಗಂಜಿನೀರು, ಕೊಳಕು ನೀರಿನ ಭೇದಿ, ಎಲ್ಲ ತಮ್ಮ ಕೆಲಸ ಮುಗಿಸಿ ನಾಲ್ಕು ವರ್ಷ ಕಳೆದ ಮೇಲೆ, ಒಂದನೇ ಕ್ಲಾಸಿನ ಬಾಗಿಲಲ್ಲಿ ನಾವು ಸಸ್ಯಾಹಾರವೋ ಮಾಂಸಾಹಾರವೋ ಎಂದು ಬಡಿದಾಡುತ್ತೇವೆ.

ಐದನೇ ಸುತ್ತಿನ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ: ದೇಶದಲ್ಲಿ ಆರು ತಿಂಗಳು ದಾಟಿದ, ಎರಡು ವರ್ಷ ತುಂಬದ 100 ಕೂಸುಗಳಲ್ಲಿ ಕನಿಷ್ಠ ಅಗತ್ಯದಷ್ಟು ಆಹಾರ ಸಿಗುತ್ತಿರುವುದು ಸುಮಾರು 11ಕ್ಕೆ.