ಅದಿರು ಕಾಲದ ಲಾರಿ ಓನರ್

ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಜನವರ್ಗಗಳಲ್ಲಿ ವಿದ್ವಾಂಸರ ಗಮನಕ್ಕೆ ವಿಶೇಷವಾಗಿ ಅರ್ಹವಾದದ್ದು ಲಾರಿ ಓನರ್ ವರ್ಗ. ಅದರಲ್ಲಿಯೂ ಲಾರಿಗಳು ಬಹುತೇಕ ಕೈಬಿಟ್ಟು ಹೋಗಿ ಓನರ್ ಎಂಬ ಹೆಸರು ಮಾತ್ರ ಉಳಿದಿರುವ ಉಪವರ್ಗ. ಇದರ ಹುಟ್ಟು ಇತ್ತೀಚಿನದು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳ ಹಸಿವು ಹೆಚ್ಚಿ, ಸಂಡೂರು ಗುಡ್ಡಗಳ ಕೆಮ್ಮಣ್ಣಿಗೂ ಬೆಲೆ ಬಂದಾಗ, ಅದನ್ನು ಅರಬೈಲ್ ಘಟ್ಟ ಇಳಿಸಿ ಬೇಲೆಕೇರಿ ಬಂದರಿಗೆ ಮುಟ್ಟಿಸಲು ಇದ್ದ ಲಾರಿಗಳು ಸಾಲದಾದವು. ಭತ್ತ ಬೆಳೆಯುವವರು, ಕಿರಾಣಿ ಅಂಗಡಿಯವರು, ಶಾಲೆಯ ಮಾಸ್ತರರು ಕೂಡ ಮುಂಗಡ ಕಟ್ಟಿ ಹತ್ತು ಗಾಲಿಯ ಗಾಡಿ ತಂದು ಬೆಳಗಾಗುವುದರಲ್ಲಿ ಓನರ್ ಆದರು.

ಈ ಒಡೆತನದ ಸ್ವರೂಪ ಸೂಕ್ಷ್ಮವಾದದ್ದು. ಅದಿರು ಗಣಿಯವರದು, ರಸ್ತೆ ಸರ್ಕಾರದ್ದು, ಲಾರಿಯೋ ಕಂತು ತೀರುವ ತನಕ ಫೈನಾನ್ಸ್‌ನವರದು. ಓನರ್ ತನ್ನದೆಂದು ನಿಸ್ಸಂಶಯವಾಗಿ ಹೇಳಿಕೊಳ್ಳಬಹುದಾಗಿದ್ದದ್ದು ಗಾಡಿಯ ಹಣೆಯ ಮೇಲೆ ಬರೆಸಿದ ಹುಲಿಗೆಮ್ಮನ ಹೆಸರನ್ನು ಮಾತ್ರ. ಡೀಸೆಲ್ಲು, ಟೈರು, ಡ್ರೈವರನ ಬತ್ತಾ, ಅಂದರೆ ಸಂಬಳದ ಹೊರತಾಗಿ ದಿನದ ಊಟ-ಚಹಾಕ್ಕೆ ಕೊಡುವ ಹಣ, ಇವೆಲ್ಲ ಕಳೆದು ಬಾಡಿಗೆಯಲ್ಲಿ ಏನಾದರೂ ಉಳಿಯಬೇಕಾದರೆ ಓವರ್‌ಲೋಡ್ ಒಂದೇ ದಾರಿಯೆಂಬುದು ಈ ವರ್ಗದ ಮೂಲಸಿದ್ಧಾಂತ. ಹತ್ತು ಗಾಲಿಯ ಲಾರಿಗೆ ಅಂದು ಅನುಮತಿ ಇದ್ದದ್ದು ಗಾಡಿಯ ತೂಕವೂ ಸೇರಿ 25 ಟನ್. ಕಬ್ಬಿಣದ ಅದಿರು ಬಹಳ ಭಾರವಾದ್ದರಿಂದ ಬಾಡಿ, ಅಂದರೆ ಸರಕು ತುಂಬುವ ತೊಟ್ಟಿ, ಅರ್ಧ ತುಂಬುವ ಮೊದಲೇ ಆ ಮಿತಿ ಮುಟ್ಟಿಬಿಡುತ್ತಿತ್ತು. ಉಳಿದ ಅರ್ಧ ಬಾಡಿ ಖಾಲಿಯಾಗಿ ಕಣ್ಣೆದುರು ನಿಂತಿರುವಾಗ ಕಾನೂನನ್ನು ನೆನೆಯುವುದು ಋಷಿಗಳಿಗೂ ಕಷ್ಟ. ಆ ಭಾರಕ್ಕೆ ರಸ್ತೆಗಳು ಹೊಂಡಗಳಾದದ್ದನ್ನೂ, ದಾರಿ ಬದಿಯ ಬೆಳೆಯ ಮೇಲೆ ಕೆಂಪು ದೂಳು ಕೂತದ್ದನ್ನೂ ಈತ ಅಲ್ಲಗಳೆಯುವುದಿಲ್ಲ. ಆದರೆ ಅದೆಲ್ಲ ಬೇರೆಯವರ ಲಾರಿಗಳಿಂದ ಆಯಿತೆಂದು ದೃಢವಾಗಿ ನಂಬುತ್ತಾನೆ.

ಈತ ಚಹಾವನ್ನು ಅರ್ಧ ಕಪ್ಪಿನಂತೆ ಆರು ಸಲ ಕುಡಿಯುತ್ತಾನೆ. ಫೋನಿನಲ್ಲಿ ಮಾತಾಡಿದರೆ ಎಂಜಿನ್ ಸದ್ದು ಮೀರಿಸುವ ಹಳೆಯ ರೂಢಿಯಿಂದ ಇಡೀ ಓಣಿಗೆ ಕೇಳಿಸುತ್ತಾನೆ. ಇವನ್ನು ಸಹಿಸಬಹುದು. ಸಹಿಸಲಾಗದ್ದು, ಜಗತ್ತಿನ ಸಮಸ್ತ ವಸ್ತುಗಳನ್ನೂ ಟನ್ನು ಮತ್ತು ಬಾಡಿಗೆಯ ಲೆಕ್ಕಕ್ಕೆ ಇಳಿಸುವ ಈತನ ಚಟ. ಹಂಪಿಯ ಶಿಲ್ಪದ ಬಗ್ಗೆ ತಕ್ಕಮಟ್ಟಿಗೆ ತಿಳಿದಿದ್ದೇನೆಂಬ ಜಂಬವುಳ್ಳ ಅಧ್ಯಯನಕಾರರೊಬ್ಬರು (ಅವರು ಯಾರೆಂಬುದು ಇಲ್ಲಿ ಅಪ್ರಸ್ತುತ) ಕಂಪ್ಲಿ ಮೂಲದ ಇಂಥ ಓನರ್ ಒಬ್ಬನ ಕಾರಿನಲ್ಲಿ, ಅವನ ಆಗ್ರಹಕ್ಕೆ ಕಟ್ಟುಬಿದ್ದು, ಹಂಪಿಗೆ ಹೋಗಬೇಕಾಯಿತು. ಹೇಮಕೂಟದ ಬಳಿಯ ಕಡಲೆಕಾಳು ಗಣೇಶನ ಮುಂದೆ ಓನರ್ ಕೈಮುಗಿದವನೇ, "ಎಷ್ಟು ಟನ್ ಆಗಬಹುದ್ರೀ ಸರ್? ಎಲ್ಲಿಂದ ಲೋಡ್ ಮಾಡ್ಯಾರ?" ಎಂದು ಕೇಳಿದ. ಸುಮಾರು 4.5 ಮೀಟರ್ ಎತ್ತರದ ಆ ಮೂರ್ತಿಯನ್ನು ಎಲ್ಲಿಂದಲೂ ತಂದಿಲ್ಲ, ಅಲ್ಲಿಯೇ ಇದ್ದ ಬಂಡೆಯಲ್ಲಿ ಕಡೆದದ್ದೆಂದು ಅಧ್ಯಯನಕಾರರು ಶ್ರದ್ಧೆಯಿಂದ ವಿವರಿಸಲು, "ಹಂಗಾರೆ ಬಾಡಿಗಿನೇ ಇಲ್ಲ ಬಿಡ್ರಿ" ಎಂದು ಓನರ್ ಗಣೇಶನ ವಿಷಯದಲ್ಲಿ ಸಂಪೂರ್ಣ ನಿರಾಸಕ್ತನಾದ. 11 ಕೋಣೆಗಳ ಗಜಶಾಲೆಯೆದುರು ಆನೆಗಳ ಮಾತೇ ಬರಲಿಲ್ಲ. ಪ್ರತಿ ಕೋಣೆಯೊಳಗೆ ಹತ್ತು ಗಾಲಿಯದು ರಿವರ್ಸ್‌ನಲ್ಲಿ ಹೋಗುತ್ತದೋ ಇಲ್ಲವೋ ಎಂಬುದನ್ನು ಆತ ಹೆಜ್ಜೆ ಹಾಕಿ ಅಳೆದ.

ವಿಠ್ಠಲ ದೇವಾಲಯದ ದಾರಿಯಲ್ಲಿ ಪ್ರವಾಸಿಗರನ್ನು ಸಾಗಿಸುವ ಬ್ಯಾಟರಿ ಗಾಡಿಯನ್ನು ಆತ ಆಟಿಕೆಯೆಂದು ತಿರಸ್ಕರಿಸಿ, ಬಿಸಿಲಿನಲ್ಲಿ ಅಧ್ಯಯನಕಾರರನ್ನೂ ನಡೆಸಿಕೊಂಡೇ ಹೋದ. ಆದರೆ ಕಲ್ಲಿನ ರಥ ಇಡೀ ಬಂಡೆಯಲ್ಲ, ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿಯೆಂದು ತಿಳಿದಾಗ ಮಾತ್ರ ಅವನ ಮುಖ ಅರಳಿತು. ಒಂದೊಂದು ಕಲ್ಲಿಗೂ ತೂಕ ಕಟ್ಟಿ, ಟ್ರಿಪ್ಪುಗಳನ್ನು ಎಣಿಸಿ, ಕೃಷ್ಣದೇವರಾಯನ ಪರವಾಗಿ ಚೌಕಾಸಿಯನ್ನೂ ತಾನೇ ಮಾಡಿ ಮುಗಿಸಿದ ಮೇಲೆ, ಗಾಲಿಯನ್ನೊಮ್ಮೆ ಸವರಿ, "ಗಾಲಿ ಅದಾವ, ಗಾಡಿ ಹೊಂಡಂಗಿಲ್ಲ. ಪರ್ಮಿಟ್ ನಿಂತ ನಮ್ಮ ಗಾಡಿ ಇದ್ದಂಗ" ಎಂದು ಸುಮ್ಮನಾದ.

ಆ ಮಾತಿನ ಹಿಂದೆ ತಾರೀಖುಗಳಿವೆ. 2011ರ ಜುಲೈ 27ರಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಗುಡ್ಡಗಳ ದೃಷ್ಟಿಯಿಂದ ಆ ತಡೆ ಬೇಕೇ ಬೇಕಾಗಿತ್ತು. ಆದರೆ ಗಣಿ ನಿಂತರೂ ಕಂತು ನಿಲ್ಲಲಿಲ್ಲ. ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ತುಕ್ಕು ಹಿಡಿದವು, ಕೆಲವನ್ನು ಫೈನಾನ್ಸ್‌ನವರು ಎಳೆದೊಯ್ದರು, ಕೆಲವು ಗುಜರಿಗೆ ಹೋದವು. 2013ರಲ್ಲಿ ಕೋರ್ಟು ಷರತ್ತು, ಮಿತಿಗಳೊಂದಿಗೆ ಗಣಿಗಳಿಗೆ ಮತ್ತೆ ಅವಕಾಶ ಕೊಟ್ಟಿತಾದರೂ ಹಳೆಯ ಭರಾಟೆ ಮರಳಲಿಲ್ಲ. ಸಾಲದ್ದಕ್ಕೆ ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೆಗೆ ಸುಮಾರು 24 ಕಿ.ಮೀ. ಉದ್ದದ ಕೊಳವೆ ಕನ್ವೇಯರ್ ಬಂದಿದೆ. ಅದು ರಬ್ಬರ್ ಪಟ್ಟಿಯನ್ನೇ ಕೊಳವೆಯಂತೆ ಸುರುಳಿ ಸುತ್ತಿ, ಒಳಗಿನ ಅದಿರು ದೂಳಾಗಿ ಹಾರದಂತೆ ಸಾಗಿಸುವ ಯಂತ್ರ. ಬತ್ತಾ ಕೇಳದ, ಚಹಾಕ್ಕೆ ನಿಲ್ಲದ ಈ ಯಂತ್ರವನ್ನು ಓನರ್ ಮನುಷ್ಯತ್ವವಿಲ್ಲದ್ದೆಂದು ಬೈಯುತ್ತಾನೆ.

ಈಗ ಅವನ ಬಳಿ ಉಳಿದಿರುವುದು ಒಂದೇ ಲಾರಿ. ಅದು ಕಂಪ್ಲಿಯ ಭತ್ತವನ್ನು ಹೊಳೆಯಾಚೆಯ ಗಂಗಾವತಿಯ ಗಿರಣಿಗಳಿಗೆ ಹೊರುತ್ತದೆ. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದಾಗ ಅದೂ ನಿಲ್ಲುತ್ತದೆ. ಭತ್ತವನ್ನು ಆತ ಸರಕೆಂದೇ ಒಪ್ಪುವುದಿಲ್ಲ. "ಬಾಡಿ ತುಂಬ್ತೈತಿ, ತೂಕ ಬರಂಗಿಲ್ಲ" ಎಂಬುದು ಅವನ ದೂರು. ಆದರೆ ಆ ಹಗುರ ಸರಕಿನ ಬಾಡಿಗೆಯಿಂದಲೇ ಮಗಳ ಕಾಲೇಜಿನ ಫೀಸು ಕಟ್ಟಿದ್ದಾನೆಂಬುದನ್ನು ಮಾತ್ರ, ಕೇಳಿದರೂ, ಮೆಲ್ಲಗೆ ಹೇಳುತ್ತಾನೆ.

ಹಂಪಿ ನೋಡಬಯಸುವ ಓದುಗರಿಗೆ ಇಂಥ ಓನರ್ ಒಬ್ಬ ಹೊಸಪೇಟೆಯಲ್ಲಿ ಎದುರಾಗಿ ಕಾರು ಹತ್ತಲು ಕರೆದರೆ ಹತ್ತಬಹುದು. ಆತ ಊಟದ ಬಿಲ್ಲನ್ನು ಬೇರೆಯವರಿಗೆ ಕೊಡಗೊಡುವುದಿಲ್ಲ. ವಿಠ್ಠಲ ದೇವಾಲಯದ ಬಾಗಿಲು ಹಾಕುವುದರೊಳಗೆ ಅಲ್ಲಿಗೆ ಮುಟ್ಟಬೇಕೆಂದಿದ್ದರೆ ಮಾತ್ರ, ದಾರಿಯಲ್ಲಿ ಲಾರಿಯ ಸುದ್ದಿ ಎತ್ತಬಾರದು.