ಶಿಫಾರಸು ಮೀಮಾಂಸೆ: ಅತ್ತಿಬೆಲೆ ಪ್ರಸ್ಥಾನ

ಶಾಸ್ತ್ರ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಬೇಕು ಎಂಬುದು ಹಿರಿಯರ ಕಟ್ಟಳೆ. ಅದರಂತೆ, ಮಕ್ಕಳು ಏನು ಓದಬೇಕೆಂದು ಅಪ್ಪ-ಅಮ್ಮ ಅಪ್ಪಣೆ ಕೊಡಿಸುವುದು ಈ ಗ್ರಂಥದ ವಿಷಯ. ಅಪ್ಪಣೆ ಕೊಟ್ಟ ಮರುಕ್ಷಣ ಅವರು ಮೊಬೈಲಿಗೆ ಮರಳುವುದು ಸಂಬಂಧ. ತಮ್ಮ ಮಕ್ಕಳಿಗಿಂತ ಪಕ್ಕದ ಫ್ಲ್ಯಾಟಿನ ಮಕ್ಕಳ ಓದಿನ ಚಿಂತೆ ಜಾಸ್ತಿ ಇರುವವರೆಲ್ಲ ಅಧಿಕಾರಿಗಳು. ಪ್ರಯೋಜನವೊಂದು ಇನ್ನೂ ಪತ್ತೆಯಾಗಿಲ್ಲ.

ಕ್ಷೇತ್ರ ಅತ್ತಿಬೆಲೆ. ಆನೇಕಲ್ ತಾಲ್ಲೂಕು, ಹೊಸೂರು ರಸ್ತೆ; ಟೋಲ್ ದಾಟಿ ಒಂದಿಷ್ಟು ಮುಂದೆ ಹೋದರೆ ತಮಿಳುನಾಡು. ಒಂದು ಕಡೆ ಕಾರ್ಖಾನೆಯ ಶಿಫ್ಟ್ ಬಸ್ಸು, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿಗೆ ಹೊರಟ ಕ್ಯಾಬು, ನಡುವೆ ಹೇಗೋ ನುಸುಳಿಕೊಂಡು ಬರುವ ಸ್ಕೂಲ್ ವ್ಯಾನು. ಗಡಿ ಬಂದ್ ಇದ್ದ ದಿನ ವಾಟಾಳ್ ನಾಗರಾಜ್ ಬರುತ್ತಾರೆ, ವ್ಯಾನು ಬರುವುದಿಲ್ಲ. ಮಿಕ್ಕ ದಿನಗಳಲ್ಲಿ ಬೆಳಿಗ್ಗೆ ಅಪಾರ್ಟ್‌ಮೆಂಟ್ ಗೇಟಿನ ಮುಂದೆ ವ್ಯಾನಿಗೆ ಕಾದು ನಿಲ್ಲುವ ತಂದೆ-ತಾಯಿಯರೇ ನಮ್ಮ ವಿದ್ವತ್ಸಭೆ. ಸಭೆಯಲ್ಲಿ ಐದು ಮತಗಳು ಸಿಕ್ಕಿವೆ.

ಒಂದು, ಕಾರಂತ ಮತ. ಶಿವರಾಮ ಕಾರಂತರ ‘ಬಾಲಪ್ರಪಂಚ’ ಕೊಟ್ಟುಬಿಟ್ಟರೆ ಮಗುವಿಗೆ ಮತ್ತೇನೂ ಬೇಡ ಎಂಬುದು ಇವರ ವಾದ. ಒಬ್ಬರೇ ಕೂತು ಮೂರು ಸಂಪುಟಗಳಲ್ಲಿ ಲೋಕದ ಸಂಗತಿಯನ್ನೆಲ್ಲ ಕನ್ನಡದ ಮಕ್ಕಳ ಮುಂದೆ ಹರಡಿದ್ದು ಸಾಮಾನ್ಯ ಸಾಹಸವಲ್ಲ. ಅದಕ್ಕೆ ಎರಡು ಮಾತಿಲ್ಲ. ಆದರೆ ಈ ಮತದ ಆಚಾರ್ಯರನ್ನು ಎರಡನೇ ಸಂಪುಟದಲ್ಲಿ ಏನಿದೆ ಸಾರ್ ಎಂದು ಕೇಳಿದರೆ, “ವ್ಯಾನ್ ಬಂತು” ಎನ್ನುತ್ತಾರೆ.

ಎರಡು, ಚಿತ್ರಕಥಾ ಮತ. ಅಮರ ಚಿತ್ರ ಕಥೆ ಓದದ ಮಗುವಿಗೆ ನಮ್ಮ ಸಂಸ್ಕೃತಿ ತಿಳಿಯುವುದಿಲ್ಲ ಎಂಬುದು ಇವರ ಸಿದ್ಧಾಂತ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಕೂಡ ಹೀಗೇ ಹೊರಟವರು. ದೂರದರ್ಶನದ ಕ್ವಿಜ್ಜಿನಲ್ಲಿ ಗ್ರೀಕ್ ದೇವತೆಗಳ ಹೆಸರು ಪಟಪಟನೆ ಹೇಳಿದ ದೆಹಲಿಯ ಹುಡುಗರಿಗೆ ರಾಮನ ತಾಯಿಯ ಹೆಸರು ಬರಲಿಲ್ಲ ಎಂಬ ಸಂಕಟ ಅವರದು. ಆದರೆ ಇತಿಹಾಸದಲ್ಲಿ ಒಂದು ತಮಾಷೆ ಇದೆ. ಅಮರ ಚಿತ್ರ ಕಥೆ ಮೊದಲು ಅಚ್ಚಾದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ. ಆ ಮೊದಲ ಹತ್ತು ಪುಸ್ತಕಗಳಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಸಿಂಡ್ರೆಲಾ ಇದ್ದಾಳೆ, ಅವಳ ಬಳಗವಿದೆ. ಇಂಗ್ಲಿಷ್ ಸರಣಿ ‘ಕೃಷ್ಣ’ನಿಂದ ಶುರುವಾದರೂ ಅವನ ಕ್ರಮಸಂಖ್ಯೆ 11 ಆಗಿರುವುದು ಈ ಕಾರಣಕ್ಕೇ. ಈ ಸಂಗತಿಯನ್ನು ಸಭೆಯಲ್ಲಿ ಮಂಡಿಸಿದಾಗ ಚಿತ್ರಕಥಾ ಮತದವರು ಎರಡು ದಿನ ಲಿಫ್ಟಿನಲ್ಲಿ ಮಾತಾಡಲಿಲ್ಲ.

ಮೂರು, ಸೋಪಾನ ಮತ. ಇವರೆಲ್ಲ ಐಟಿಯವರು. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಮಕ್ಕಳ ಓದಿಗೆ ಅನುಕೂಲವಾಗಲೆಂದು ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ಒಳ್ಳೆಯ ಕಥೆ, ಕೈಗೆಟುಕುವ ಬೆಲೆ, ಚಂದದ ಚಿತ್ರ. ಸೋಪಾನ ಮತದವರ ಕೈಗೆ ಸಿಕ್ಕಿದ್ದೇ ಹಂತಗಳೆಲ್ಲ ಪ್ರಮೋಷನ್ ಆಗಿಬಿಟ್ಟವು. “ನಿಮ್ಮವಳು ಯಾವ ಲೆವೆಲ್ಲು?” “ಮೂರು ಮುಗಿಸಿದ್ಳು, ನಿಮ್ಮವನು?” ಮೂರು ಮುಗಿಸಿದ ಹುಡುಗಿ ಎರಡರ ಕಥೆಯೊಂದನ್ನು ಇಷ್ಟವಾಯಿತೆಂದು ಇನ್ನೊಮ್ಮೆ ಓದಿದರೆ ಮನೆಯಲ್ಲಿ ಅಪ್ರೈಸಲ್ ಸಭೆ.

ನಾಲ್ಕು, ಗಡಿ ಮತ. ಯಾವ ಪುಸ್ತಕ ಎಂಬುದಲ್ಲ, ಯಾವ ಭಾಷೆ ಎಂಬುದೇ ಇವರ ಪ್ರಶ್ನೆ. ನಮ್ಮ ಗೇಟಿನಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಒಡಿಯಾ ಎಲ್ಲವೂ ನಿಂತಿರುತ್ತವೆ. ಮಕ್ಕಳು ಜಗಳವನ್ನು ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಕಂಪ್ಲೇಂಟ್ ಕೊಡುತ್ತಾರೆ. ಇದಕ್ಕೆ ಪೂರ್ವಾಚಾರ್ಯರ ಪರಿಹಾರ ‘ಚಂದಮಾಮ’. 1947ರಲ್ಲಿ ತೆಲುಗು-ತಮಿಳಿನಲ್ಲಿ ಹೊರಟು, 1949ರಲ್ಲಿ ಕನ್ನಡಕ್ಕೂ ಬಂತು. ಅದೇ ಕಥೆ, ಅದೇ ಚಿತ್ರ, ಅಕ್ಷರ ಮಾತ್ರ ಬೇರೆ. ಅಂದಮೇಲೆ ವಿಕ್ರಮನ ಹೆಗಲೇರಿದ ಬೇತಾಳ ಹೊಸೂರಿನಲ್ಲಿ ತಮಿಳು ಆಡಿ ಅತ್ತಿಬೆಲೆಯಲ್ಲಿ ಕನ್ನಡ ಆಡಿದರೂ ಶವ ಒಂದೇ. ಅದಕ್ಕೆ ಫಾಸ್ಟ್ಯಾಗ್ ಬೇಕಿರಲಿಲ್ಲ.

ಐದು, ಡಿಂಗ ಮತ. ಇದು ಗುಪ್ತ ಸಂಪ್ರದಾಯ. ಬಹಿರಂಗವಾಗಿ ಯಾರೂ ಒಪ್ಪಿಕೊಳ್ಳುವುದಿಲ್ಲ. ‘ಬಾಲಮಂಗಳ’ದ ಡಿಂಗ ಇಲಿಯ ರೂಪದ ಮಹಾವೀರ. ಕರಾವಳಿ, ಮಲೆನಾಡಿನ ಕಡೆಯಿಂದ ಬಂದ ಇಂಜಿನಿಯರುಗಳ ಮುಂದೆ ಅವನ ಹೆಸರೆತ್ತಿ ನೋಡಿ, ಮುಖ ಅರಳುತ್ತದೆ. ಆಮೇಲೆ ಮಗನ ಕಡೆ ತಿರುಗಿ, “ಕಾಮಿಕ್ಸ್ ಎಲ್ಲ ಓದ್ಬೇಡ, ಟೈಮ್ ವೇಸ್ಟು” ಎನ್ನುತ್ತಾರೆ.

ಇನ್ನು ಪ್ರಮಾಣ. ಆರನೇ ಕ್ಲಾಸಿನ ಒಬ್ಬ ಹುಡುಗ ವ್ಯಾನಿಗೆ ಕಾಯುತ್ತ ವಿಜ್ಞಾನದ ಪುಸ್ತಕದಲ್ಲಿ ಮುಳುಗಿದ್ದ. ಕಿಸಕ್ಕನೆ ನಕ್ಕ. ವಿಜ್ಞಾನದ ಪುಸ್ತಕ ಓದಿ ನಗುವ ಮಗುವನ್ನು ಶಾಸ್ತ್ರಕಾರ ಬಿಡುವ ಹಾಗಿಲ್ಲ.

“ಏನೋ ಅದು, ಪುಟ್ಟ?”

“ಸೈನ್ಸ್, ಅಂಕಲ್.”

“ಸೈನ್ಸಲ್ಲಿ ನಗೋದು ಏನಿದೆ?”

ಪುಸ್ತಕ ತೆಗೆಸಿ ನೋಡಿದರೆ ಒಳಗೊಂದು ಹಳೆಯ ಬಾಲಮಂಗಳ. ಬೇಸಿಗೆ ರಜೆಯಲ್ಲಿ ಅಜ್ಜಿಮನೆಯ ಅಟ್ಟದಲ್ಲಿ ಸಿಕ್ಕಿದ್ದಂತೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದಿದೆ, ಮೂಲೆಯನ್ನು ಜಿರಲೆ ತಿಂದಿದೆ. ಮುಖಪುಟದ ಒಳಮಗ್ಗುಲಲ್ಲಿ ಪೆನ್ಸಿಲಿನಿಂದ ಬರೆದ ಹೆಸರು, ಕೆಳಗೆ ‘6ನೇ ತರಗತಿ, ಬಿ ವಿಭಾಗ’. ಹೆಸರು ಹುಡುಗನ ತಂದೆಯದು. ಅವರು ಪಕ್ಕದಲ್ಲೇ ನಿಂತು ಕಾರಂತ ಮತ ಪ್ರತಿಪಾದಿಸುತ್ತಿದ್ದರು. ಪತ್ರಿಕೆ ಅಲ್ಲೇ ಜಪ್ತಿಯಾಯಿತು. ಅದೇ ಸಂಜೆ ಬೇಸ್‌ಮೆಂಟಿನಲ್ಲಿ, ಎಂಜಿನ್ ಆಫ್ ಮಾಡಿ ಒಳದೀಪ ಹಾಕಿದ್ದ ಕಾರಿನಲ್ಲಿ, ಅವರು ಅರ್ಧ ಗಂಟೆ ಕೂತಿದ್ದನ್ನು ವಾಚ್‌ಮನ್ ಸಾಕ್ಷೀಕರಿಸಿದ್ದಾನೆ. ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲ.

ಇದರಿಂದ ‘ಮೂರು ತಲೆಮಾರಿನ ನ್ಯಾಯ’ ಸಿದ್ಧವಾಗುತ್ತದೆ. ಅಜ್ಜ ತಮ್ಮಪ್ಪನ ಕಣ್ಣು ತಪ್ಪಿಸಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದರು. ಅಜ್ಜನ ಕಣ್ಣು ತಪ್ಪಿಸಿ ಅಪ್ಪ ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮನನ್ನೂ ಡಿಂಗನನ್ನೂ ಓದಿದ. ಈಗ ಅಪ್ಪನ ಕಣ್ಣು ತಪ್ಪಿಸಿ ಮಗ ಜಪಾನಿನ ಮಾಂಗಾವನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದಾನೆ. ಒಂದು ತಲೆಮಾರು ಕಸಿದುಕೊಂಡ ಪುಸ್ತಕ ಮೂವತ್ತು ವರ್ಷ ಅಟ್ಟದಲ್ಲಿ ತಪಸ್ಸು ಮಾಡಿ ಕ್ಲಾಸಿಕ್ ಆಗಿ ಇಳಿಯುತ್ತದೆ. ಇಳಿದೊಡನೆ ಶಿಫಾರಸಿಗೆ ಯೋಗ್ಯವಾಗುತ್ತದೆ. ಶಿಫಾರಸಾದ ದಿನವೇ ಮಗು ಅದನ್ನು ಕೈಬಿಡುತ್ತದೆ.

ಇಲ್ಲಿ ಆಕ್ಷೇಪ: ಹಾಗಾದರೆ ಒಳ್ಳೆಯ ಪುಸ್ತಕ ಮಗುವಿಗೆ ತಲುಪುವುದಾದರೂ ಹೇಗೆ? ಸಮಾಧಾನ: ನಿಷೇಧದಿಂದ. ತೇಜಸ್ವಿಯವರ ‘ಪರಿಸರದ ಕತೆ’ಯನ್ನು “ಇದು ದೊಡ್ಡವರದ್ದು, ಮುಟ್ಟಬೇಡ” ಎಂದು ಫ್ರಿಜ್ಜಿನ ಮೇಲಿಡಿ. ವಾರದೊಳಗೆ ಅದರಲ್ಲಿ ಬರುವ ‘ಕಿವಿ’ ಎಂಬ ನಾಯಿ ಮನೆಯ ಸದಸ್ಯನಾಗಿರುತ್ತಾನೆ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ; ಈ ವಿಷಯವನ್ನು ಮಗುವಿಗೆ ಯಾವ ಕಾರಣಕ್ಕೂ ಹೇಳಬೇಡಿ. ಪ್ರಶಸ್ತಿ ಬಂದಿದೆ ಅಂದರೆ ಮುಗಿಯಿತು, ಪರೀಕ್ಷೆಗೆ ಬರುತ್ತದೆ ಎಂದುಕೊಳ್ಳುತ್ತದೆ.

ಕೊನೆಗೆ ಫಲಶ್ರುತಿ. ಈ ಮೀಮಾಂಸೆಯನ್ನು ಪಠಿಸಿದವರು ಮನೆಯ ಆಸ್ತಿ ತೆರಿಗೆಯ ರಸೀತಿಯನ್ನು ಒಮ್ಮೆ ತೆಗೆದು ನೋಡಬೇಕು. ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲಿದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವವನ್ನೂ ಕೊಟ್ಟಿವೆ. ದುಡ್ಡಂತೂ ಕಟ್ಟಾಗಿದೆ. ಶನಿವಾರ ಮಗುವನ್ನು ಕರೆದುಕೊಂಡು ಹೋಗಿ ಕಪಾಟಿನ ಮುಂದೆ ಬಿಡಿ. ನೀವು ಬೇರೆ ಮೂಲೆಯಲ್ಲಿ ಕೂತು ನಿಮಗೆ ಬೇಕಾದ್ದು ಓದಿಕೊಳ್ಳಿ. ಅದು ಏನು ಆರಿಸಿಕೊಂಡಿತು ಎಂದು ಮಾತ್ರ ಕೇಳಬೇಡಿ.